ಗಂಜಿ ಬಿದ್ದ ಕೈ

ಇದನ್ನು ಬಲಗೈಯಿಂದಲೇ ಬರೆಯುತ್ತಿದ್ದೇನೆ. ಒಂದು ಪುಟ ಬರೆದರೆ ಅರ್ಧ ಗಂಟೆ ಕೈಗೆ ವಿಶ್ರಾಂತಿ ಕೊಡಬೇಕು, ಆಮೇಲೆ ಮತ್ತೆ ಬಂದು ಕೂರಬೇಕು. ಕೂತಲ್ಲಿ ಕೂರುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಈ ಬರಹ ನಡುನಡುವೆ ಎದ್ದು ಓಡಾಡಿ ಬಂದ ಹಾಗೆ ಕಂಡರೆ ಓದುವವರು ಸಹಿಸಿಕೊಳ್ಳಬೇಕು. ನನ್ನ ಕೈಗೆ ಏನಾಯಿತು ಎನ್ನುವುದು ದೊಡ್ಡ ಕಥೆಯೇನಲ್ಲ. ಆ ಕೈಯನ್ನು ಹಿಡಿದುಕೊಂಡು ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರಿಗೆ ಅಲೆದ ತಿಂಗಳುಗಳ ಬಗ್ಗೆ ನನಗೆ ಹೇಳುವುದಿದೆ. ಕೆಲಸ ಮಾಡುವಾಗ ಪೆಟ್ಟಾದದ್ದು ಎಂದ ಕೂಡಲೇ ಡಾಕ್ಟರ ಮುಖ ಬದಲಾದದ್ದನ್ನು ಕಂಡವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ತನಗೊಬ್ಬನಿಗೇ ಹೀಗಾಯಿತು ಎಂದು ಅವರಲ್ಲಿ ಯಾರೂ ಕೊರಗಬಾರದು.

ನಮ್ಮ ಮನೆ ಸಿದ್ಧಕಟ್ಟೆಯ ಹತ್ತಿರ. ಅಲ್ಲಿಂದ ಹತ್ತು ನಿಮಿಷ ನಡೆದರೆ ಸುಧಾಕರಣ್ಣನ ಹಾಳೆತಟ್ಟೆಯ ಶೆಡ್ಡು. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ಕಾದ ಅಚ್ಚಿನ ಮೇಲಿಟ್ಟು ಒತ್ತಿದರೆ ತಟ್ಟೆ ಆಗುತ್ತದೆ. ಐದು ಯಂತ್ರ, ಆರು ಮಂದಿ ಹೆಂಗಸರು. ನನ್ನ ಪಕ್ಕದ ಯಂತ್ರದಲ್ಲಿ ಸಫಿಯಾ ಇದ್ದಳು. ಸುಧಾಕರಣ್ಣ ನನ್ನ ಗಂಡನ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ಅವರ ಮನೆಯಲ್ಲಿ ಏನು ಕಾರ್ಯಕ್ರಮವಾದರೂ ಹಿಂದಿನ ದಿನವೇ ಹೋಗಿ ತರಕಾರಿ ಹೆಚ್ಚಲು ಕೂರುವವರು ನಾವು. ಯಜಮಾನರು ಎಂದು ಅವರನ್ನು ನಾನು ಒಮ್ಮೆಯೂ ಕರೆದದ್ದಿಲ್ಲ.

ನೆನೆದ ಹಾಳೆ ಕೆಲವೊಮ್ಮೆ ಅಚ್ಚಿನ ಮೇಲೆ ಸುರುಟಿಕೊಳ್ಳುತ್ತದೆ. ಕಾಲಿನಲ್ಲಿ ಪೆಡಲ್ ಒತ್ತುತ್ತಲೇ ಬಲಗೈಯಿಂದ ಅದನ್ನು ಸರಿಮಾಡಿ ಫಕ್ಕನೆ ಕೈ ಎಳೆದುಕೊಳ್ಳುವುದು ನಮಗೆಲ್ಲ ರೂಢಿ. ಹಾಗೆ ಮಾಡಬಾರದು ಎಂದು ಗೊತ್ತಿತ್ತು, ದಿನಕ್ಕೆ ನೂರು ಸಲ ಮಾಡುತ್ತಲೂ ಇದ್ದೆವು. ಆ ದಿನ ನನ್ನ ಕಾಲು ಮುಂದಾಯಿತು, ಕೈ ಹಿಂದೆ ಬಿತ್ತು. ಸಫಿಯಾ ಓಡಿಬಂದು ಮೇಲಿನ ಕಾದ ಅಚ್ಚನ್ನು ಎತ್ತಿದಳು. ನನಗೆ ನೋವಿಗಿಂತ ಮೊದಲು ವಾಸನೆ ಬಂತು, ಅದನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಸುಧಾಕರಣ್ಣ ತಮ್ಮ ಓಮ್ನಿಯಲ್ಲಿ ನನ್ನನ್ನು ಮಲಗಿಸಿ, ಎದುರು ಬಂದವರಿಗೆಲ್ಲ ಹಾರ್ನ್ ಹಾಕುತ್ತ ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದರು. ತುರ್ತು ವಿಭಾಗದಲ್ಲಿ ಒಬ್ಬ ಡಾಕ್ಟರು ಚೀಟಿ ಹಿಡಿದು ಕೇಳಿದರು, “ಎಂತ ಆದದ್ದು?”

ಸುಧಾಕರಣ್ಣನ ತುಟಿ ಬಿಳಿಚಿಕೊಂಡಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, “ಮನೆಯಲ್ಲಿ ಆದದ್ದು ಡಾಕ್ಟ್ರೇ. ಗಂಜಿ ಪಾತ್ರೆ ಇಳಿಸುವಾಗ ಕೈ ಮೇಲೆ ಬಿತ್ತು.”

ಹಾಗೆ ಹೇಳು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕೇಳಿದವರೆಲ್ಲ ಸುಧಾಕರಣ್ಣನನ್ನೇ ದೂರುತ್ತಾರೆ. ನಮ್ಮ ಕಡೆ ಇದನ್ನು ಯಾರೂ ಸುಳ್ಳು ಎಂದುಕೊಳ್ಳುವುದಿಲ್ಲ, ಮರ್ಯಾದೆ ಎಂದುಕೊಳ್ಳುತ್ತಾರೆ. ಕೆಲಸ ಕೊಟ್ಟವರ ಅಂಗಳಕ್ಕೆ ಪೊಲೀಸರು ಬರಬಾರದು, ನಾಳೆ ಮುಖ ನೋಡುವವರ ಮೇಲೆ ಕೇಸು ಆಗಬಾರದು. ಕೈ ಸುಡುತ್ತಿದ್ದಾಗಲೂ ನನ್ನ ತಲೆಯಲ್ಲಿ ಓಡಿದ್ದು ಅದೇ. ಡಾಕ್ಟರು ನನ್ನ ಕೈಯನ್ನೂ ನನ್ನ ಮುಖವನ್ನೂ ನೋಡಿ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡರು.

ಮೂರು ವಾರ ಆ ಆಸ್ಪತ್ರೆಯಲ್ಲಿದ್ದೆ. ಮುರಿದ ಎಲುಬಿಗೆ ತಂತಿ ಹಾಕಿದರು, ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದರು. ಸಫಿಯಾ ಕೆಲಸ ಬಿಟ್ಟು ನೇರ ವಾರ್ಡಿಗೆ ಬಂದು ನನ್ನ ಜಡೆ ಹೆಣೆದು ಹೋಗುತ್ತಿದ್ದಳು. ಆ ಮೂರು ವಾರಗಳಲ್ಲಿ ನನಗೆ ಮನುಷ್ಯಳಾಗಿದ್ದೇನೆ ಎನ್ನಿಸಿದ್ದು ಆ ಹತ್ತು ನಿಮಿಷಗಳಲ್ಲಿ ಮಾತ್ರ.

ಗಾಯ ಮಾಗಿತು. ಮಾಗುತ್ತ ಮಾಗುತ್ತ ಚರ್ಮ ಬಿಗಿಯಿತು. ನಾಲ್ಕನೆಯ ತಿಂಗಳಿಗೆ ನಡುವಿನ ಎರಡು ಬೆರಳು ಅಂಗೈಗೆ ಅಂಟಿಕೊಂಡವು, ತೋರುಬೆರಳು ಅರ್ಧ ಬಾಗಿತು. ರವಿಕೆಯ ಹುಕ್ಕು ಹಾಕಲು ಆಗುವುದಿಲ್ಲ, ಬಾಲ್ದಿ ಹಿಡಿಯಲು ಆಗುವುದಿಲ್ಲ. ಎಣ್ಣೆ ಹಚ್ಚಿ ಉಜ್ಜಿದೆ, ಬಿಸಿ ನೀರಿನಲ್ಲಿಟ್ಟೆ, ಎಡಗೈಯಿಂದ ಎಳೆದೆಳೆದು ಅತ್ತೆ. ತೋರಿಸಲು ಹೋದಾಗ ಅದೇ ಡಾಕ್ಟರು ಹೇಳಿದರು, ಇದಕ್ಕೆ ಇನ್ನೊಂದು ಆಪರೇಷನ್ ಬೇಕು, ಕೈಯ ಆಪರೇಷನ್ ಮಾಡಿ ಪಳಗಿದವರೇ ಮಾಡಬೇಕು, ವರ್ಷ ಕಳೆಯುವ ಮೊದಲೇ ಆಗಬೇಕು. ಬೆರಳಿನ ಗಂಟುಗಳು ಗಟ್ಟಿಯಾದರೆ ಮತ್ತೆ ಬಿಡಿಸಿ ಪ್ರಯೋಜನವಿಲ್ಲವಂತೆ.

ಆ ದಿನದಿಂದ ನಾನು ಕ್ಯಾಲೆಂಡರಿನ ಎದುರು ನಿಲ್ಲುವುದು ಹೆಚ್ಚಾಯಿತು. ನನಗೆ ಬೇಕಾದದ್ದು ಒಂದೇ, ಬೆರಳು ಬಿಚ್ಚಬೇಕು. ಬಾಕಿ ಎಲ್ಲ ಆಮೇಲೆ.

ಅಷ್ಟರಲ್ಲಿ ಸುಧಾಕರಣ್ಣ ಒಂದು ಕಡತ ಹಿಡಿದುಕೊಂಡು ಮನೆಗೆ ಬಂದರು. ಯಂತ್ರಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡುವಾಗ ಅವರು ಹತ್ತಾರು ಕಡೆ ಸಹಿ ಹಾಕಿದ್ದರು. ಅದರಲ್ಲಿ ಒಂದು, ಕೆಲಸದವರಿಗೆ ಪೆಟ್ಟಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡುವ ವಿಮೆ.

“ನಾನು ಓದಲೇ ಇಲ್ಲ ವಿಮಲ,” ಎಂದರು. “ನೀನು ಗಂಜಿ ಅಂತ ಹೇಳಿದಾಗ ನಾನೂ ಸುಮ್ಮನೆ ನಿಂತೆ. ನನಗೆ ಆಗ ಎಷ್ಟು ಸಮಾಧಾನ ಆಯ್ತು ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತದೆ. ಕೇಸು ಹಾಕುವ. ನನ್ನ ಮೇಲೆಯೇ ಹಾಕು, ಅಡ್ಡಿಯಿಲ್ಲ.”

ಮೊದಲು ವಿಮೆಯವರಿಗೆ ಅರ್ಜಿ ಕೊಟ್ಟೆವು. ಅವರು ಆಸ್ಪತ್ರೆಯ ಮೊದಲ ಚೀಟಿ ನೋಡಿ ನಕ್ಕಿರಬೇಕು. ಮನೆಯಲ್ಲಿ ಗಂಜಿ ಬಿದ್ದದ್ದಕ್ಕೂ ಶೆಡ್ಡಿಗೂ ಸಂಬಂಧವಿಲ್ಲ ಎಂದು ಪತ್ರ ಬಂತು. ಬಂಟ್ವಾಳದ ವಕೀಲರೊಬ್ಬರು ಕೇಸು ಹಾಕಿಕೊಟ್ಟರು. “ಕೈಗೆ ಚಿಕಿತ್ಸೆ ಮಾಡಿ, ಇದು ಯಂತ್ರದಲ್ಲಿ ಆದ ಗಾಯ ಅಂತ ಬರೆದುಕೊಟ್ಟು, ಕೋರ್ಟಿಗೆ ಬಂದು ಹೇಳುವ ಡಾಕ್ಟರು ಒಬ್ಬರು ಸಿಕ್ಕಿದರೆ ಸಾಕು. ಮತ್ತೆ ಕಷ್ಟ ಇಲ್ಲ,” ಎಂದರು. ಎಷ್ಟು ಸುಲಭದಲ್ಲಿ ಹೇಳಿಬಿಟ್ಟರು ಪುಣ್ಯಾತ್ಮರು.

ಮೊದಲು ಆ ಆಸ್ಪತ್ರೆಗೇ ಹೋದೆ. ಡಾಕ್ಟರು ಸಿಟ್ಟು ಮಾಡಲಿಲ್ಲ. “ಬೇರೆ ಏನೋ ಅಂತ ನನಗೂ ಕಂಡಿತ್ತಮ್ಮ. ನೀವು ಹೇಳಿದ್ದನ್ನು ನಾನು ಬರೆದೆ. ಈಗ ತಿದ್ದಿದ್ರೆ ನಾನು ಸಿಕ್ಕಿಬೀಳ್ತೇನೆ,” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯಿತು.

ಎರಡನೆಯವರು ಬಹಳ ನಯವಾದ ಮನುಷ್ಯ. ನನ್ನ ಕೈಯನ್ನು ಮೇಜಿನ ಮೇಲಿಟ್ಟು, ಎಲ್ಲೆಲ್ಲಿ ಕೊಯ್ಯಬೇಕು ಎಂದು ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ಮುಂದಿನ ವಾರ ಮಾಡುವ ಎಂದೂ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಕೇಳಿದರು, “ಆದದ್ದು ಹೇಗೆ?” ನಾನು ಹೇಳಿದೆ.

“ಕೇಸ್ ಉಂಟಾ?”

“ಉಂಟು.”

ಪೆನ್ನಿಗೆ ಮುಚ್ಚಳ ಬಿತ್ತು. ಯೋಚನೆ ಮಾಡಿದರೆ ಇದು ಸ್ವಲ್ಪ ಕ್ಲಿಷ್ಟದ್ದು, ನಮ್ಮಲ್ಲಿ ಅದರ ವ್ಯವಸ್ಥೆ ಇಲ್ಲ, ಬೇರೆ ಕಡೆ ತೋರಿಸಿ ಎಂದರು. ಆ ನೀಲಿ ಗೆರೆ ಎರಡು ದಿನ ನನ್ನ ಅಂಗೈಯಲ್ಲಿ ಹಾಗೆಯೇ ಇತ್ತು. ತಿಕ್ಕಿ ತೊಳೆಯಲು ಮನಸ್ಸು ಬರಲಿಲ್ಲ.

ಮೂರನೆಯವರನ್ನು ನೋಡಲು ಬೆಳ್ತಂಗಡಿ ಕಡೆಗೆ ಹೋದೆವು. ಟೋಕನ್ ಕೊಡುವ ಹುಡುಗಿಯೇ ಕೇಳಿದಳು, ಕೆಲಸದಲ್ಲಿ ಆದದ್ದಾ, ಕೇಸು ಇದೆಯಾ ಎಂದು. ಇದೆ ಎಂದ ಕೂಡಲೇ ಟೋಕನ್ ಹಿಂದೆ ತೆಗೆದುಕೊಂಡಳು. ನಾಲ್ಕನೆಯವರು ಒಳಗೆ ಇದ್ದುಕೊಂಡೇ ಇಲ್ಲ ಎಂದು ಹೇಳಿಸಿದರು. ಬಾಗಿಲ ಕೆಳಗೆ ಅವರ ಕಾಲು ಕಾಣುತ್ತಿತ್ತು. ಕಾಯುವ ಕೋಣೆಗಳಲ್ಲಿ ನಾನು ಕೂರುತ್ತಿರಲಿಲ್ಲ. ಗೋಡೆಗೆ ಅಂಟಿಸಿದ ಮಕ್ಕಳ ಚಿತ್ರ, ಬೆಳೆಯುವ ಮಗುವಿಗೆ ಏನೇನು ತಿನ್ನಿಸಬೇಕು ಎಂಬ ಪಟ್ಟಿ, ಎಲ್ಲವನ್ನೂ ನಿಂತೇ ಓದುತ್ತಿದ್ದೆ. ಪಕ್ಕದವರು ಏನಾದದ್ದು ಎಂದು ಕೇಳಿದರೆ ಯಾವ ಉತ್ತರ ಕೊಡಬೇಕು ಎಂದೇ ತಿಳಿಯುತ್ತಿರಲಿಲ್ಲ.

ಎಂಟನೆಯ ತಿಂಗಳು ಮುಗಿಯುವಾಗ ನನ್ನ ಗಂಡನಿಗೆ ತಡೆಯಲಾಗಲಿಲ್ಲ. ಅವರು ತಮ್ಮದೇ ಪಿಕಪ್ಪನ್ನು ಬಾಡಿಗೆಗೆ ಓಡಿಸುತ್ತಾರೆ, ಮಾತು ಕಡಿಮೆ. ಆ ದಿನ ತಟ್ಟೆಯ ಮುಂದೆ ಕೂತವರು ಉಣ್ಣದೆ ಎದ್ದರು.

“ಗಂಜಿ ಅಂತಲೇ ಹೇಳುವ,” ಎಂದರು.

“ಹಾಗೆ ಹೇಳಿದ್ರೆ ಕೇಸು ಬಿದ್ದುಹೋಯ್ತು. ಇಷ್ಟು ದಿನ ನಾನು ಸತ್ಯ ಹೇಳಿದ್ದು ಎಲ್ಲ ಮಣ್ಣು.”

“ಕೇಸು ಬೀಳಲಿ ಮಾರಾಯ್ತಿ. ನಾನು ಪಿಕಪ್ ಮಾರ್ತೇನೆ. ನಿನಗೆ ಕೈ ಬೇಕಾ, ಸತ್ಯ ಬೇಕಾ?”

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡೂ ಬೇಕು ಎಂದು ಕೂಗಿದೆ. ಆಮೇಲೆ ಹಿತ್ತಿಲಲ್ಲಿ ನಿಂತು ನನ್ನ ಮುದುಡಿದ ಕೈಯನ್ನು ನೋಡಿದೆ. ಸತ್ಯ ಕಾಯಬಹುದು, ಬೆರಳು ಕಾಯುವುದಿಲ್ಲ. ಮೂಡುಬಿದಿರೆಯಲ್ಲಿ ಕೈಯ ಆಪರೇಷನ್ ಮಾಡುವ ಡಾಕ್ಟರೊಬ್ಬರು ವಾರಕ್ಕೆ ಎರಡು ದಿನ ಬರುತ್ತಾರೆ ಎಂದು ಕೇಳಿದ್ದೆ. ಅಲ್ಲಿಗೆ ಹೋಗಿ ಗಂಜಿ ಎಂದೇ ಹೇಳುವುದೆಂದು ತೀರ್ಮಾನಿಸಿದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಪಾತ್ರೆ ಎಷ್ಟು ದೊಡ್ಡದು, ಯಾರಿಗೆ ಬೇಯಿಸಿದ್ದು, ಒಲೆ ಯಾವುದು. ನೆಂಟರು ಬಂದಿದ್ದರು ಎಂದು ಸೇರಿಸಿಕೊಂಡೆ, ಇಲ್ಲದಿದ್ದರೆ ಮೂರು ಜನರ ಮನೆಯಲ್ಲಿ ಅಷ್ಟು ಗಂಜಿ ಯಾಕೆ ಎಂದು ಕೇಳಿಯಾರು ಎಂಬ ಹೆದರಿಕೆ.

ಡಾಕ್ಟರು ಐವತ್ತು ದಾಟಿದ ಹೆಂಗಸು. ನಗು ಇಲ್ಲ, ಕೂತುಕೊಳ್ಳಿ ಎನ್ನುವುದೂ ಇಲ್ಲ. ನನ್ನ ಕೈಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. ನಾನು ಗಂಜಿಯ ಕಥೆ ಹೇಳಿದೆ, ನೆಂಟರನ್ನೂ ಸೇರಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

“ಗಂಜಿ ಮೇಲಿನಿಂದ ಬೀಳ್ತದೆ ಅಲ್ವಾ?”

“ಹೌದು.”

“ಮತ್ತೆ ಅಂಗೈ ಸುಟ್ಟದ್ದು ಹೇಗೆ? ಮೇಲೆಯೂ ಸುಟ್ಟಿದೆ, ಅಡಿಯಲ್ಲಿಯೂ ಸುಟ್ಟಿದೆ. ಎರಡು ಕಡೆಯೂ ಒಂದೇ ರೀತಿ ಬಾಗಿದ ಗೆರೆ.” ಅವರು ಬೆರಳಿನಿಂದ ಆ ಗೆರೆಯನ್ನು ಮೆಲ್ಲನೆ ಎಳೆದು ತೋರಿಸಿದರು. “ಹಾಳೆತಟ್ಟೆಯ ಅಚ್ಚು. ನಾನು ಇಂಥದ್ದು ನೋಡುವುದು ಇದೇ ಮೊದಲಲ್ಲ.”

ನಾನು ಅತ್ತೆ ಎಂದರೆ ಸಾಲದು, ಬೈದೆ. “ಸತ್ಯ ಹೇಳಿದ್ರೆ ನೀವು ಯಾರೂ ನೋಡುವುದಿಲ್ಲ. ಸುಳ್ಳು ಹೇಳಿದ್ರೆ ಹಿಡಿಯುತ್ತೀರಿ. ನಾನು ಎಲ್ಲಿಗೆ ಹೋಗ್ಬೇಕು ಹೇಳಿ,” ಎಂದೆ. ಹೊರಗೆ ಕೂತವರಿಗೆಲ್ಲ ಕೇಳಿರಬೇಕು.

ಅವರು ನೀರಿನ ಬಾಟ್ಲಿ ನನ್ನ ಕಡೆಗೆ ಸರಿಸಿದರು.

“ನಾನೂ ನೋಡುವುದಿಲ್ಲ, ನಿಜ ಹೇಳ್ತೇನೆ. ಮೊದಲು ನೋಡ್ತಿದ್ದೆ. ಒಮ್ಮೆ ಒಬ್ಬ ಕಲ್ಲು ಕಡಿಯುವವನಿಗೆ ಬರೆದುಕೊಟ್ಟೆ. ಕೋರ್ಟಿಗೆ ಮೂರು ಸಲ ಕರೆದರು, ಮೂರು ಸಲವೂ ಮುಂದಕ್ಕೆ ಹೋಯ್ತು. ಇಲ್ಲಿ ಪೇಷಂಟುಗಳು ಕಾದು ಕಾದು ವಾಪಸ್ ಹೋದರು. ನಾಲ್ಕನೇ ಸಲ ನಿಲ್ಲಿಸಿ, ಇಷ್ಟು ಬರೆಯಲಿಕ್ಕೆ ನಿಮಗೆ ಎಷ್ಟು ಕೊಟ್ಟಿದ್ದಾರೆ ಅಂತ ಕೇಳಿದರು. ನಾನು ಹೇಳುವ ಎಲ್ಲದಕ್ಕೂ ಎದುರಿಗೆ ಒಂದು ಮೊದಲ ಚೀಟಿ ಇರ್ತದೆ, ಮನೆಯಲ್ಲಿ ಬಿದ್ದದ್ದು ಅಂತ. ಈ ಊರಿನಲ್ಲಿ ಎಲ್ಲರೂ ಮನೆಯಲ್ಲೇ ಬೀಳುವವರು ನೋಡಿ. ಕೆಲಸದ ಜಾಗದಲ್ಲಿ ಯಾರಿಗೂ ಏನೂ ಆಗುವುದೇ ಇಲ್ಲ.”

ಆ ಮಾತು ಕೆನ್ನೆಗೆ ಹೊಡೆದ ಹಾಗಿತ್ತು. ಅಷ್ಟು ತಿಂಗಳು ನಾನು ಡಾಕ್ಟರುಗಳನ್ನು ಶಪಿಸಿಕೊಂಡೇ ಬಂದವಳು. ಅವರು ಬಾಗಿಲು ಹಾಕಿಕೊಳ್ಳುವುದರಲ್ಲಿ ನನ್ನ ಗಂಜಿಯ ಪಾಲೂ ಇತ್ತು ಎಂದು ನನಗೆ ಹೊಳೆದೇ ಇರಲಿಲ್ಲ.

“ಹೊರಗೆ ಕೂತಿರಿ, ಬಾಕಿಯವರನ್ನು ಮುಗಿಸ್ತೇನೆ,” ಎಂದರು.

ಎರಡು ಗಂಟೆ ಕಾದೆ. ಆ ಎರಡು ಗಂಟೆಯಷ್ಟು ಉದ್ದದ ಹೊತ್ತನ್ನು ನಾನು ಬೇರೆ ಕಂಡಿಲ್ಲ. ಬಾಗಿಲಿಂದ ಔಷಧಿ ಅಂಗಡಿಯವರೆಗೆ ನಡೆದೆ, ಹಿಂದೆ ಬಂದೆ. ಒಬ್ಬ ಅಜ್ಜಿ, ನೀನು ನಡೆಯುವುದು ನೋಡಿ ನನಗೆ ತಲೆ ತಿರುಗುತ್ತದೆ ಮಗಾ ಎಂದು ನನ್ನ ಸೆರಗು ಹಿಡಿದು ಕೂರಿಸಿದರು. ಐದು ನಿಮಿಷ ಕೂತೆ, ಮತ್ತೆ ಎದ್ದೆ.

ಕೊನೆಗೆ ಕರೆದರು. ನಿಂತುಕೊಂಡೇ ಮಾತಾಡಿದರು, ಕೈಯಲ್ಲಿ ಚೀಲ ಇತ್ತು.

“ಆಪರೇಷನ್ ಮಾಡ್ತೇನೆ. ಕೈ ಏನು ಹೇಳ್ತದೋ ಅದನ್ನೇ ಬರೀತೇನೆ. ನೀವು ಮೊದಲು ಸುಳ್ಳು ಹೇಳಿದ್ದೀರಿ ಅಂತಲೂ ಬರೀತೇನೆ. ಕೋರ್ಟಿಗೆ ಕರೆದರೆ ಬರ್ತೇನೆ, ನೀವೂ ಅಲ್ಲಿ ನಿಂತು ಸುಳ್ಳು ಹೇಳಿದ್ದು ನಾನೇ ಅಂತ ಹೇಳ್ಬೇಕು. ಮತ್ತೆ ಒಂದು ಉಂಟು. ನನ್ನ ಹೆಸರನ್ನು ಊರಿಗೆಲ್ಲ ಹೇಳ್ಬಾರ್ದು. ನಾಳೆ ಇಡೀ ತಾಲೂಕು ನನ್ನ ಬಾಗಿಲಲ್ಲಿ ನಿಂತರೆ ನನ್ನಿಂದ ಆಗುವುದಿಲ್ಲ.”

ಎಲ್ಲದಕ್ಕೂ ಒಪ್ಪಿದೆ. ಈ ಬರಹದಲ್ಲಿ ಅವರ ಹೆಸರು ಇಲ್ಲದಿರುವುದು, ಅವರು ಬರುವ ಊರಿನ ಹೆಸರನ್ನು ಬದಲಿಸಿರುವುದು ಅದಕ್ಕೇ.

ಆಪರೇಷನ್ ದಿನ ಕೈಯನ್ನು ಮಾತ್ರ ಮರಗಟ್ಟಿಸಿದ್ದರು, ನನಗೆ ಎಚ್ಚರವಿತ್ತು. ಪರದೆಯ ಆಚೆ ಏನೋ ಎಳೆಯುವುದು, ಕತ್ತರಿ ಇಡುವುದು ಕೇಳುತ್ತಿತ್ತು. ಒಬ್ಬಳು ನರ್ಸ್ ನನ್ನ ಎಡಗೈ ಹಿಡಿದುಕೊಂಡು ಮಕ್ಕಳೆಷ್ಟು, ಮನೆಯಲ್ಲಿ ದನ ಉಂಟಾ, ದೋಸೆಗೆ ಉದ್ದು ಎಷ್ಟು ಹಾಕುತ್ತೀರಿ ಎಂದು ಮೂರು ಗಂಟೆ ಬಿಡದೆ ಕೇಳಿದಳು. ಅವಳಿಗೆ ದೋಸೆ ಬೇಕಾಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆಮೇಲಿನ ಆರು ವಾರ ಬೆರಳುಗಳಿಗೆ ರಬ್ಬರು ಕಟ್ಟಿ ಎಳೆಯುವ ವ್ಯಾಯಾಮ. ಪ್ರತಿ ಸಲವೂ ಹಲ್ಲು ಕಚ್ಚಿ ಡಾಕ್ಟರಿಗೆ ಬೈದಿದ್ದೇನೆ, ಅವರ ಎದುರಿಗೇ. “ಬೈಯಿರಿ, ಆದರೆ ಮಡಚಿ ಬಿಡಿಸುವುದು ನಿಲ್ಲಿಸಬೇಡಿ,” ಎನ್ನುತ್ತಿದ್ದರು. ಕಿರುಬೆರಳಿನ ಪಕ್ಕದ್ದು ಪೂರ್ತಿ ಬರಲಿಲ್ಲ. ಬಾಕಿ ಎರಡು ಬಂದವು.

ಬಂಟ್ವಾಳದ ಕೋರ್ಟಿಗೆ ಡಾಕ್ಟರು ಬಂದ ಮೊದಲ ದಿನ ವಿಮೆಯ ವಕೀಲರು ಬರಲಿಲ್ಲ. ಎರಡನೆಯ ಸಲ ನಮ್ಮದನ್ನು ಕೊನೆಗೆ ಹಾಕಿದರು. ಡಾಕ್ಟರು ನನ್ನ ಪಕ್ಕದ ಬೆಂಚಿನಲ್ಲಿ ಕೂತು, ಮೊಬೈಲಿನಲ್ಲಿ ಮೂಡುಬಿದಿರೆಯ ಪೇಷಂಟುಗಳನ್ನು ಒಬ್ಬೊಬ್ಬರನ್ನಾಗಿ ನಾಳೆಗೆ ಕಳಿಸುತ್ತಿದ್ದರು. ಒಬ್ಬರು ಕುದುರೆಮುಖದ ಕಡೆಯಿಂದ ಮಗುವನ್ನು ಎತ್ತಿಕೊಂಡು ಬಂದಿದ್ದರಂತೆ. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಒಳಗೆ ಕರೆದಾಗ ವಿಮೆಯ ವಕೀಲರು ಆ ಚೀಟಿಯನ್ನು ಎತ್ತಿ ಹಿಡಿದರು. ಗಾಯ ಆಗುವಾಗ ನೀವು ಅಲ್ಲಿದ್ದಿರಾ? ಇಲ್ಲ. ಮೊದಲು ನೋಡಿದ ಡಾಕ್ಟರು ಸುಳ್ಳು ಬರೆದಿದ್ದಾರೆಯೇ? ಇಲ್ಲ. ಹಾಗಾದರೆ ಇವರಿಗೆ ಇಷ್ಟು ಸಹಾಯ ಮಾಡುವುದರಲ್ಲಿ ನಿಮಗೇನು ಲಾಭ? ಡಾಕ್ಟರು ನನ್ನನ್ನು ಕರೆದು ಕೈ ಎತ್ತಲು ಹೇಳಿ, ಮೇಲಿನ ಗೆರೆ ಅಡಿಯ ಗೆರೆ ಎರಡನ್ನೂ ನ್ಯಾಯಾಧೀಶರಿಗೆ ತೋರಿಸಿದರು. ಲಾಭದ ಮಾತಿಗೆ ಅವರ ಕಿವಿ ಕೆಂಪಾಗಿತ್ತು.

ನನ್ನ ಸರದಿ ಬಂದಾಗ ಹೇಳಿದೆ, “ಗಂಜಿ ಅಂತ ಹೇಳಿದ್ದು ನಾನೇ. ನನಗೆ ಯಾರೂ ಹೇಳಿಕೊಟ್ಟದ್ದಲ್ಲ.” ಹಿಂದಿನ ಸಾಲಿನಲ್ಲಿ ಸುಧಾಕರಣ್ಣ ತಲೆ ತಗ್ಗಿಸಿ ಕೂತಿದ್ದರು. ಸಾಕ್ಷಿ ಹೇಳಲು ಅವರೂ ಬಂದಿದ್ದರು. ತೀರ್ಪು ತಿಂಗಳುಗಳ ನಂತರ ನಮ್ಮ ಕಡೆಗೇ ಬಂತು. ಈಗ ಸುಧಾಕರಣ್ಣನ ಯಂತ್ರಗಳಿಗೆ ಎರಡೂ ಕೈಯಲ್ಲಿ ಒತ್ತುವ ಗುಂಡಿ ಇದೆ, ಪೆಡಲ್ ಇಲ್ಲ.

ಇಲ್ಲಿಗೇ ಮುಗಿಸುವ ಎಂದಿದ್ದೆ. ಆದರೆ ಕಳೆದ ವಾರ ನಾರಾವಿಯಿಂದ ಗಂಡ ಹೆಂಡತಿ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಗಂಡ ಸೆಂಟ್ರಿಂಗ್ ಕೆಲಸದವನು. ಮನೆ ಕಟ್ಟುವಲ್ಲಿ ಮೇಲಿಂದ ಬಿದ್ದು ಮಣಿಕಟ್ಟು ಮುರಿದು, ಸೊಟ್ಟಗೆ ಕೂಡಿತ್ತು. ಐದು ಕಡೆ ತೋರಿಸಿದ್ದಾರೆ, ಐದು ಕಡೆಯೂ ಕಳಿಸಿದ್ದಾರೆ.

“ನಿಮ್ಮ ಕೈ ಮಾಡಿದ್ದು ಯಾರು ಅಕ್ಕ? ಹೆಸರು ಹೇಳಿ, ನಾವು ಹೋಗ್ತೇವೆ,” ಎಂದಳು ಅವಳು.

ನಾನು ಚಾ ಮಾಡಲು ಎದ್ದೆ. ಚಾ ಕೊಟ್ಟು ಬಿಸ್ಕೆಟ್ ತರಲು ಎದ್ದೆ. ಆಮೇಲೆ, ಆ ಡಾಕ್ಟರು ಈಗ ಈ ಕಡೆ ಬರುವುದಿಲ್ಲ ಎಂದೆ. ಕೊಟ್ಟ ಮಾತು ಕೊಟ್ಟದ್ದೇ ಅಲ್ಲವೇ? ಅವಳು ನಂಬಲಿಲ್ಲ. ನನ್ನ ಕೈಯನ್ನೇ ನೋಡುತ್ತ ಚಾ ಕುಡಿದು, ಉಪಕಾರ ಆಯ್ತು ಎಂದು ಹೇಳಿ ಹೊರಟಳು. ಯಾವ ಉಪಕಾರ? ಅವರು ಅಂಗಳ ದಾಟುವುದನ್ನು ನೋಡಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊಬೈಲ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಅವರ ಹಿಂದೆಯೇ ಓಡಿದೆ. ಅಲ್ಲೇ, ಅವರ ಎದುರಿಗೇ ನಿಂತು ಡಾಕ್ಟರಿಗೆ ಫೋನ್ ಮಾಡಿದೆ.

“ನಾನು ಹೆಸರು ಹೇಳ್ಲಿಲ್ಲ ಡಾಕ್ಟ್ರೇ. ಆದ್ರೆ ಹೇಳದೆ ಕಳಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ,” ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಆ ಕಡೆಯಿಂದ ಅವರು ಕೇಳಿದ್ದು ಒಂದೇ.

“ಮೊದಲ ಚೀಟಿಯಲ್ಲಿ ಎಂತ ಬರೆಸಿದ್ದಾರೆ ಕೇಳಿ.”

ಕೇಳಿದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತ ಉತ್ತರ ಕೊಟ್ಟಳು.

“ಮನೆಯಲ್ಲಿ ತೆಂಗಿನಮರದಿಂದ ಬಿದ್ದದ್ದಂತೆ,” ಎಂದು ಫೋನಿಗೆ ಹೇಳಿದೆ.

ಡಾಕ್ಟರು ನಕ್ಕದ್ದೋ ನಿಟ್ಟುಸಿರು ಬಿಟ್ಟದ್ದೋ ನನಗೆ ಗೊತ್ತಾಗಲಿಲ್ಲ.

“ಬುಧವಾರ ಕಳಿಸಿ,” ಎಂದರು. “ಆ ತೆಂಗಿನಮರವನ್ನು ಮನೆಯಲ್ಲೇ ಬಿಟ್ಟು ಬರ್ಲಿಕ್ಕೆ ಹೇಳಿ.”